ಸಣ್ಣ ಸಸ್ತನಿಗಳು ಮತ್ತು ಉಣ್ಣಿಜನ್ಯ ಬ್ಯಾಕ್ಟೀರಿಯಾ: ‘ಆಗರ’ ಎಂಬ ಪದದ ವಿಮರ್ಶೆ

ಉಷ್ಣವಲಯದ ಅರಣ್ಯಗಳಲ್ಲಿ ಇಲಿ, ಸೊಂಡಿಲಿ, ಅಳಿಲು ಮೊದಲಾದ ಸಣ್ಣ ಸಸ್ತನಿಗಳನ್ನು ಹಿಡಿದು, ಅವುಗಳ ರಕ್ತವನ್ನೂ ಮೈಮೇಲಿನ ಉಣ್ಣಿಗಳನ್ನೂ ಪರೀಕ್ಷಿಸಿ, ಕಂಡುಬಂದ ಬ್ಯಾಕ್ಟೀರಿಯಾಗಳ ಪಟ್ಟಿಯನ್ನು ಕೊಡುವ ಪ್ರಬಂಧಗಳು ಈಚೆಗೆ ಹೇರಳವಾಗಿ ಪ್ರಕಟವಾಗುತ್ತಿವೆ. ರಿಕೆಟ್ಸಿಯ, ಬೊರೀಲಿಯ, ಅನಪ್ಲಾಸ್ಮ, ಎರ್ಲಿಕಿಯ ಎಂಬ ಹೆಸರುಗಳು ಇವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕಾಡಿನಲ್ಲಿ ಬೋನಿಟ್ಟು ಕಾಯುವ ಈ ಶ್ರಮವನ್ನು ನಾವು ಲಘುವಾಗಿ ಎಣಿಸುವವರಲ್ಲ. ನಮ್ಮ ಆಕ್ಷೇಪವಿರುವುದು ಪಟ್ಟಿಯ ವಿಷಯದಲ್ಲಲ್ಲ. ‘ಆದುದರಿಂದ ಈ ಪ್ರಾಣಿಯು ಸೋಂಕಿನ ಆಗರ’ ಎಂದು ಅದರ ಕೊನೆಗೆ ಸೇರಿಸುವ ತೀರ್ಮಾನದ ವಿಷಯದಲ್ಲಿ.

ಒಂದು ಪ್ರಾಣಿಯನ್ನು ಆಗರವೆನ್ನಬೇಕಾದರೆ ಮೂರು ಸಂಗತಿಗಳು ಸಿದ್ಧವಾಗಬೇಕು. ಸೋಂಕುಳ್ಳ ಉಣ್ಣಿಯ ಕಡಿತದಿಂದ ಆ ಪ್ರಾಣಿಗೆ ಸೋಂಕು ತಗಲಬೇಕು. ಬ್ಯಾಕ್ಟೀರಿಯಾ ಅದರ ದೇಹದಲ್ಲಿ ಸಾಕಷ್ಟು ಕಾಲ, ಸಾಕಷ್ಟು ಪ್ರಮಾಣದಲ್ಲಿ ಉಳಿಯಬೇಕು. ಅನಂತರ ಅದರ ರಕ್ತವನ್ನು ಹೀರಿದ ಶುದ್ಧ ಉಣ್ಣಿಗೆ ಸೋಂಕು ದಾಟಬೇಕು. ಪಿ.ಸಿ.ಆರ್. ಪರೀಕ್ಷೆಯು ಬ್ಯಾಕ್ಟೀರಿಯಾದ ಡಿ.ಎನ್.ಎ. ಇತ್ತೆಂಬುದನ್ನು ತಿಳಿಸುತ್ತದೆಯೇ ಹೊರತು ಈ ಮೂರರಲ್ಲಿ ಯಾವುದನ್ನೂ ಪೂರ್ಣವಾಗಿ ಸಾಧಿಸಿಕೊಡಲಾರದು. ಹೊಟ್ಟೆ ತುಂಬ ರಕ್ತ ಹೀರಿದ ಉಣ್ಣಿಯಲ್ಲಿ ದೊರೆತ ಡಿ.ಎನ್.ಎ. ಉಣ್ಣಿಯದೋ, ಅದು ಆಗತಾನೆ ಹೀರಿದ ರಕ್ತದ್ದೋ ಎಂಬುದು ಅನೇಕ ವೇಳೆ ಅನಿಶ್ಚಿತವಾಗಿಯೇ ಉಳಿಯುತ್ತದೆ. ರಿಕೆಟ್ಸಿಯವು ಮುಖ್ಯವಾಗಿ ರಕ್ತನಾಳಗಳ ಒಳಪದರದ ಜೀವಕೋಶಗಳಲ್ಲಿ ಬೆಳೆಯುವುದರಿಂದ, ರಕ್ತದ ಮಾದರಿಯಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಪ್ರಾಣಿಯಲ್ಲಿ ಸೋಂಕಿಲ್ಲವೆನ್ನುವಂತೆಯೂ ಇಲ್ಲ.

ನಿದರ್ಶನವಾಗಿ ಥಾಯ್ಲೆಂಡಿನ ಟಿ.ಟಿ.-118 ಎಂಬ ರಿಕೆಟ್ಸಿಯ ತಳಿಯನ್ನು ತೆಗೆದುಕೊಳ್ಳೋಣ. 1962ರಲ್ಲಿ ಇದನ್ನು ಬೇರ್ಪಡಿಸಿದ್ದು ರ್‍ಯಾಟಸ್ ರ್‍ಯಾಟಸ್ ಎಂಬ ಇಲಿಯ ಮೈಯಿಂದ ಆಯ್ದ ಮರಿ ಉಣ್ಣಿಗಳಿಂದ. ಆದರೆ ಇಕ್ಸೋಡೀಸ್ ಮತ್ತು ರೈಪಿಸೆಫಾಲಸ್ ಎಂಬ ಎರಡು ಕುಲಗಳ ಮರಿಗಳನ್ನು ಒಟ್ಟಿಗೆ ಅರೆದು ಪರೀಕ್ಷಿಸಲಾಗಿತ್ತು. ಹೀಗಾಗಿ ಬ್ಯಾಕ್ಟೀರಿಯಾ ಯಾವ ಉಣ್ಣಿಯದೆಂಬುದು ತಿಳಿಯದಾಯಿತು. ಅದು ಮರಿಗಳಿಗೆ ಇಲಿಯಿಂದ ಬಂದಿತೆ, ತಾಯಿಯ ಮೊಟ್ಟೆಯ ಮೂಲಕವೇ ಬಂದಿತೆ ಎಂಬುದೂ ಇದರಿಂದ ನಿರ್ಧಾರವಾಗದು. ಏಕೆಂದರೆ ಈ ಗುಂಪಿನ ರಿಕೆಟ್ಸಿಯಗಳಲ್ಲಿ ಹಲವು ತಾಯಿ ಉಣ್ಣಿಯಿಂದ ಮರಿಗೆ ಇಳಿಯಬಲ್ಲವು. ಹಾಗೆ ಇಳಿದಿದ್ದ ಪಕ್ಷದಲ್ಲಿ ಉಣ್ಣಿಯೇ ಆಗರವಾಗಿ, ಇಲಿಯು ಬರಿಯ ಊಟದ ಎಲೆಯಾಗುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ದ್ವೀಪದಲ್ಲಿ ಮನುಷ್ಯರಿಗೆ ಬರುತ್ತಿದ್ದ ಒಂದು ಜ್ವರವನ್ನು 1991ರಲ್ಲಿ ವರ್ಣಿಸಲಾಯಿತು. ಅದರ ಕಾರಣಜೀವಿಗೆ 1998ರಲ್ಲಿ ರಿಕೆಟ್ಸಿಯ ಹೋನಿ ಎಂಬ ಹೆಸರು ಬಂದಿತು. ಆನುವಂಶಿಕ ಹೋಲಿಕೆಯಿಂದ ಟಿ.ಟಿ.-118 ಸಹ ಅದೇ ಜಾತಿಗೆ ಸೇರಿದುದೆಂದು ತಿಳಿಯಿತು. ಉಷ್ಣವಲಯದ ಹೊರಗಿರುವ ಆ ದ್ವೀಪದಲ್ಲಾದರೋ ಅದರ ವಾಹಕವು ಹಲ್ಲಿ ಹಾವುಗಳ ಮೈಗೆ ಹತ್ತುವ ಉಣ್ಣಿ. ಒಂದೇ ಬ್ಯಾಕ್ಟೀರಿಯಾ ಒಂದೆಡೆ ಇಲಿಯ ಉಣ್ಣಿಯಲ್ಲಿ, ಇನ್ನೊಂದೆಡೆ ಸರೀಸೃಪದ ಉಣ್ಣಿಯಲ್ಲಿ ದೊರೆತ ಮೇಲೆ, ಒಂದು ಇಲಿಯ ಸಾಕ್ಷ್ಯದಿಂದ ಇಲಿಜಾತಿಗೇ ಆಗರಪಟ್ಟ ಕಟ್ಟುವುದು ಎಷ್ಟು ಸಾಧು?

ಈ ವಿವೇಚನೆಗೆ ನಮ್ಮ ನಾಡಿನಲ್ಲಿಯೇ ಒಂದು ಪಾಠವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ವೈರಸ್ಸಿನದೇ ಹೊರತು ಬ್ಯಾಕ್ಟೀರಿಯಾದ್ದಲ್ಲ. ಆದರೂ ಮಲೆನಾಡಿನವರು ಉಣುಗು ಎನ್ನುವ ಜೀವಿಯೇ ಅದರ ವಾಹಕವಾದುದರಿಂದ ತರ್ಕವು ಒಂದೇ. ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಆ ಉಣ್ಣಿಯ ಬೆಳೆದ ಹಂತಕ್ಕೆ ದನಕರುಗಳೇ ದೊಡ್ಡ ಆಹಾರ. ದನಗಳ ರಕ್ತದಲ್ಲಿ ಪ್ರತಿಕಾಯಗಳೂ ಕಂಡುಬರುತ್ತವೆ. ಆದರೆ ಉಣ್ಣಿಗೆ ಸೋಂಕು ದಾಟುವಷ್ಟು ವೈರಸ್ಸು ಅವುಗಳ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದನವು ಉಣ್ಣಿಯನ್ನು ಸಾಕುತ್ತದೆ, ವೈರಸ್ಸನ್ನು ಸಾಕುವುದಿಲ್ಲ. ಕಾಡಿನ ಸಣ್ಣ ಪ್ರಾಣಿಗಳಿಗೆ ಪ್ರಯೋಗಶಾಲೆಯಲ್ಲಿ ಸೋಂಕು ತಗಲಿಸಿ ಅವುಗಳ ರಕ್ತವನ್ನು ಪರೀಕ್ಷಿಸಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಕೆಲಸವೂ ಇಲ್ಲಿ ಸ್ಮರಣಾರ್ಹವಾದುದು. ಪ್ರತಿಕಾಯದ ಪಟ್ಟಿಯಷ್ಟರಿಂದಲೇ ತೀರ್ಮಾನಿಸಿದ್ದರೆ ದನವೂ ಆಗರಗಳ ಸಾಲಿಗೆ ಸೇರುತ್ತಿತ್ತು.

ಇದು ಕೇವಲ ಪಾರಿಭಾಷಿಕ ಜಗಳವೆಂದು ಯಾರೂ ತಿಳಿಯಬಾರದು. ಆಗರವೆಂಬ ಹೆಸರು ಬಿದ್ದ ಪ್ರಾಣಿಯನ್ನು ಜನರು ಕೊಲ್ಲತೊಡಗುತ್ತಾರೆ. ಉಣ್ಣಿಗಳು ಉಳಿದು ಇಲಿಗಳು ಮಾತ್ರ ಅಳಿದರೆ, ಹಸಿದ ಉಣ್ಣಿಯು ಬೇರೆ ಮೈಯನ್ನು ಹುಡುಕಬಹುದು. ಆ ಮೈ ಸೌದೆಗೆ ಹೋದವರದೂ ಆಗಬಹುದು. ಇದಕ್ಕೆ ಪ್ರತಿಯಾಗಿ, ಆಗರದ ಮಾತೆತ್ತದ ಪ್ರಾಮಾಣಿಕವಾದ ಪಟ್ಟಿಗೂ ತನ್ನದೇ ಪ್ರಯೋಜನವುಂಟು. ಈ ಕಾಡಿನಲ್ಲಿ ರಿಕೆಟ್ಸಿಯವಿದೆಯೆಂದು ತಿಳಿದ ವೈದ್ಯನು ಕಾರಣ ಕಾಣದ ಜ್ವರದಲ್ಲಿ ಅದನ್ನು ಸಕಾಲದಲ್ಲಿ ಶಂಕಿಸಿ, ಡಾಕ್ಸಿಸೈಕ್ಲಿನ್ ಕೊಟ್ಟು ರೋಗಿಯನ್ನು ಉಳಿಸಬಲ್ಲನು.

ಆದುದರಿಂದ ಈ ಕ್ಷೇತ್ರಕ್ಕೆ ಕಾಲಿಡುವ ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆಯಿಷ್ಟು. ಉಣ್ಣಿಗಳನ್ನು ಜಾತಿವಾರು, ಹಂತವಾರು ವಿಂಗಡಿಸಿಯೇ ಪರೀಕ್ಷಿಸಬೇಕು. ರಕ್ತದೊಡನೆ ಚರ್ಮದ ಮಾದರಿಯನ್ನೂ ತೆಗೆಯಬೇಕು. ಸಾಧ್ಯವಾದೆಡೆ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಸೋಂಕಿಲ್ಲದ ಮರಿ ಉಣ್ಣಿಗಳಿಗೆ ಆ ಪ್ರಾಣಿಯ ರಕ್ತವನ್ನು ಉಣಿಸಿ, ಅವು ಪೊರೆ ಕಳಚಿ ಮುಂದಿನ ಹಂತಕ್ಕೆ ಬಂದ ಮೇಲೆ ಪರೀಕ್ಷಿಸಬೇಕು. ಇಷ್ಟು ಆಗುವವರೆಗೆ ‘ಕಂಡುಬಂದಿದೆ’ ಎಂಬ ಪದವೇ ಸಾಕು. ಅದು ಸಣ್ಣ ಪದವಾದರೂ ನಿಜವಾದ ಪದ.