ಗಾನೆಲಾನನ ದ್ರೋಹ ಮತ್ತು ಅವನ ವಾದ

ಕೇರಳ ಕರಾವಳಿಯ ಕ್ರೈಸ್ತರ ಚವಿಟ್ಟುನಾಟಕದಲ್ಲಿ ಶಾರ್ಲಮೇನ್ ಚಕ್ರವರ್ತಿ ‘ಕಾರಲ್‌ಸ್ಮಾನ್’ ಎಂಬ ಹೆಸರಿನಿಂದ ರಂಗಕ್ಕೆ ಬರುವುದನ್ನು ನಮ್ಮ ಮಲಯಾಳಿ ಓದುಗರು ಬಲ್ಲರು. ಅವನ ಕಥಾಚಕ್ರದ ಮುಖ್ಯ ಕಾವ್ಯ, ಸುಮಾರು 1100ರ ಹೊತ್ತಿಗೆ ಹಳೆಯ ಫ್ರೆಂಚಿನಲ್ಲಿ ಹುಟ್ಟಿದ ‘ರೋಲಂಡನ ಗೀತೆ’. ಸುಮಾರು 4,000 ಸಾಲುಗಳ ಈ ಕೃತಿಯಲ್ಲಿ ವೀರ ರೋಲಂಡನಷ್ಟೇ ಮನಸ್ಸಿನಲ್ಲಿ ನಿಲ್ಲುವವನು ದ್ರೋಹಿ ಗಾನೆಲಾನ್.

ಇತಿಹಾಸದಲ್ಲಿ ಇಂಥ ದ್ರೋಹಿ ಇಲ್ಲ. 778ರಲ್ಲಿ ಪಿರೆನೀಸ್ ಕಣಿವೆಯಲ್ಲಿ ಚಕ್ರವರ್ತಿಯ ಹಿಂದಳವನ್ನು ಬಾಸ್ಕ್ ಜನರು ಹೊಂಚಿ ಕೊಂದರು. ಸೋಲಿಗೆ ಚರಿತ್ರಕಾರ ಐನ್‌ಹಾರ್ಡ್ ಕೊಡುವ ಕಾರಣಗಳು ಶಸ್ತ್ರಗಳ ಭಾರ ಮತ್ತು ನೆಲದ ಏರುತಗ್ಗು. ಕಾವ್ಯದಲ್ಲಿ ಬಾಸ್ಕರ ಜಾಗಕ್ಕೆ ಸ್ಪೇನಿನ ಮುಸ್ಲಿಮರು ಬಂದರು. ಸೋಲಿನ ಹೊಣೆ ಒಳಗಿನವನೊಬ್ಬನ ತಲೆಗೆ ಬಿತ್ತು. ಸೋತ ಜನಕ್ಕೆ ನೆಲದ ಏರುತಗ್ಗಿಗಿಂತ ದ್ರೋಹಿಯನ್ನು ನಂಬುವುದು ಸುಲಭ.

ಆದರೆ ಕವಿ ಅವನನ್ನು ಬರಿಯ ರಾಕ್ಷಸನನ್ನಾಗಿ ಮಾಡಲಿಲ್ಲ. ಗಾನೆಲಾನ್ ಸುಂದರ, ಧೀರ, ರೋಲಂಡನ ಮಲತಂದೆ. ಹಿಂದೆ ಇಬ್ಬರು ದೂತರ ತಲೆ ಉರುಳಿಸಿದ್ದ ಮಾರ್ಸಿಲ್ ದೊರೆಯ ಬಳಿಗೆ ರೋಲಂಡ್ ಇವನ ಹೆಸರನ್ನೇ ಸೂಚಿಸುತ್ತಾನೆ. ಕೆರಳಿದ ಗಾನೆಲಾನ್ ತುಂಬಿದ ಸಭೆಯಲ್ಲೇ ಹಗೆ ಸಾರಿ ಹೊರಡುತ್ತಾನೆ. ಅಲ್ಲಿ ಹಿಂದಳವನ್ನು ಶತ್ರುವಿಗೆ ಮಾರುತ್ತಾನೆ.

ಕಾವ್ಯದ ಸತ್ತ್ವ ಕೊನೆಯ ವಿಚಾರಣೆಯಲ್ಲಿದೆ. ತಾನು ತೀರಿಸಿಕೊಂಡದ್ದು ಬಹಿರಂಗವಾಗಿ ಸಾರಿದ ಸೇಡು, ಅದು ದ್ರೋಹವಲ್ಲ ಎಂದು ಗಾನೆಲಾನ್ ವಾದಿಸುತ್ತಾನೆ. ಸಾಮಂತರು ಬಿಟ್ಟುಬಿಡಲು ಒಲಿಯುತ್ತಾರೆ. ತಿಯರಿ ಎಂಬವನೊಬ್ಬನೇ ಎದ್ದು, ರೋಲಂಡ್ ತಪ್ಪು ಮಾಡಿದ್ದರೂ ಅವನು ಚಕ್ರವರ್ತಿಯ ಸೇವೆಯಲ್ಲಿದ್ದನೆಂಬುದೇ ಅವನಿಗೆ ರಕ್ಷೆಯಾಗಬೇಕಿತ್ತು ಎನ್ನುತ್ತಾನೆ. ಮನೆಯ ಜಗಳವನ್ನು ರಾಜ್ಯದ ಕೆಲಸಕ್ಕೆ ತರಬಾರದೆಂಬ ಈ ಮಾತಿನಲ್ಲೇ ಗಾನೆಲಾನನ ವಾದಕ್ಕೆ ಪೂರ್ಣ ಉತ್ತರವಿದೆ.

ಕವಿ ಮಾತ್ರ ಆ ಉತ್ತರವನ್ನು ನೆಚ್ಚಲಿಲ್ಲ. ತೀರ್ಪು ದ್ವಂದ್ವಯುದ್ಧಕ್ಕೆ ಹೋಗುತ್ತದೆ. ಗಾನೆಲಾನನ ಬಂಧು ಪಿನಬೆಲ್ ತಿಯರಿಯ ಕತ್ತಿಗೆ ಬೀಳುತ್ತಾನೆ. ಜಾಮೀನು ನಿಂತ 30 ಬಂಧುಗಳನ್ನು ಗಲ್ಲಿಗೇರಿಸುತ್ತಾರೆ, ಗಾನೆಲಾನನನ್ನು ನಾಲ್ಕು ಕುದುರೆಗಳಿಗೆ ಕಟ್ಟಿ ಸೀಳುತ್ತಾರೆ. ಜಾಮೀನು ಪತ್ರಗಳ ನಡುವೆಯೇ ದಿನ ಕಳೆಯುವ ನನ್ನಂಥ ಗುಮಾಸ್ತನಿಗೆ ಆ 30 ಜನರನ್ನು ದಾಟಿ ಮುಂದೆ ಓದುವುದು ಕಷ್ಟ. ಅವರು ಹಿಂದಳವನ್ನು ಮಾರಿದವರಲ್ಲ, ನಂಟಸ್ತಿಕೆಗೆ ಕಟ್ಟುಬಿದ್ದವರು. ದ್ರೋಹಿಗೂ ಬಾಯಿ ಕೊಟ್ಟ ಕವಿ ಇವರಿಗೆ ಒಂದು ಮಾತನ್ನೂ ಕೊಡಲಿಲ್ಲ. ಮುಂದೆ ಡಾಂಟೆ ಗಾನೆಲಾನನನ್ನು ನರಕದ ಹಿಮದಲ್ಲಿ ಹೂತಿಟ್ಟಾಗ ಅವನ ವಾದದ ಸುದ್ದಿಯೂ ಅಲ್ಲಿಲ್ಲ. ಗೀತೆಯನ್ನು ಓದುವವರು ವಿಚಾರಣೆಯ ಭಾಗವನ್ನು ನಿಧಾನವಾಗಿ ಓದಬೇಕು. ದ್ರೋಹಿಯ ಮಾತನ್ನು ಪೂರ್ತಿ ಕೇಳಿದ ಮೇಲೂ ಅವನನ್ನು ತಪ್ಪಿತಸ್ಥನೆನ್ನಲು ತಿಯರಿಯ ಮಾತೊಂದೇ ಸಾಕು.