ಬೆರಳಿಗೆ ಮಣಿಯುವ ಗೆರೆ

ಫೋಟೊ ಹಿಗ್ಗಿಸಿದರೆ ಚೌಕ ಚೌಕವಾಗಿ ಒಡೆಯುತ್ತದೆ. ವೆಕ್ಟರ್ ಚಿತ್ರ ಹಾಗಲ್ಲ. ಅದು ಚುಕ್ಕಿಗಳ ರಾಶಿಯಲ್ಲ, ಇಲ್ಲಿಂದ ಹೊರಟು ಹೀಗೆ ಬಾಗಿ ಅಲ್ಲಿ ಮುಟ್ಟು ಎಂಬ ಸೂಚನೆ. ಸೂಚನೆಯಾದ್ದರಿಂದಲೇ ಆ್ಯಪ್ ಓಡುತ್ತಿರುವಾಗಲೂ ಅದನ್ನು ತಿದ್ದಬಹುದು. ಈ ಸೊಗಸನ್ನು ನನಗೆ ಕಣ್ಣಾರೆ ತೋರಿಸಿದ್ದು ಲಾಟಿ.

ಏರ್‌ಬಿಎನ್‌ಬಿ 2017ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕೋಡ್ ಲೈಬ್ರರಿ ಇದು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿದ ಅನಿಮೇಷನ್ ಬಾಡಿಮೂವಿನ್ ಪ್ಲಗಿನ್ ಮೂಲಕ ಜೇಸನ್ ಫೈಲ್ ಆಗುತ್ತದೆ. ಫೋನು ಅದನ್ನು ಓದಿ ತಾನೇ ಗೆರೆ ಎಳೆಯುತ್ತದೆ. ಆ ಫೈಲಿನಲ್ಲಿ ಪ್ರತಿ ಪದರಕ್ಕೂ ಹೆಸರಿದೆ. ಆ ಹೆಸರುಗಳ ಜಾಡನ್ನು, ಅಂದರೆ ಕೀಪಾತ್ ಅನ್ನು, ಹಿಡಿದು ಹೋಗಿ, ಚಿತ್ರದೊಳಗಿನ ಒಂದೇ ಒಂದು ಎಲೆಯ ಬಣ್ಣವನ್ನು ಹಸಿರಿನಿಂದ ಹಳದಿಗೆ ತಿರುಗಿಸಬಹುದು, ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆ. ಹಾಗಾಗಿ ಪದರಗಳಿಗೆ ಜೋಪಾನವಾಗಿ ಹೆಸರಿಡುವ ಡಿಸೈನರ್ ಎಂದರೆ ನನಗೆ ಬಹಳ ಗೌರವ.

ಇನ್ನೂ ಇಷ್ಟವಾದದ್ದು ಪ್ರೋಗ್ರೆಸ್. ಅನಿಮೇಷನ್ನಿನ ಆರಂಭ 0, ಕೊನೆ 1. ಈ ಅಂಕಿಯನ್ನು ಗಡಿಯಾರದ ಬದಲು ಬೆರಳಿಗೆ ಕಟ್ಟಿ ನೋಡಿ. ಪರದೆಯನ್ನು ಅರ್ಧ ಎಳೆದರೆ ಮೊಗ್ಗು ಅರ್ಧ ಬಿರಿಯುತ್ತದೆ. ಬೆರಳು ನಿಂತರೆ ದಳಗಳೂ ನಿಲ್ಲುತ್ತವೆ, ಹಿಂದೆ ಸರಿದರೆ ಮತ್ತೆ ಮುಚ್ಚಿಕೊಳ್ಳುತ್ತವೆ.

ಲಾಟಿ ಎಂಬ ಹೆಸರು ಬಂದದ್ದು ಜರ್ಮನಿಯ ಅನಿಮೇಷನ್ ಕಲಾವಿದೆ ಲೋಟೆ ರೈನಿಗರ್ ಅವರಿಂದ. 1926ರಲ್ಲಿ ತೆರೆಕಂಡ ಅವರ ನೆರಳುಗೊಂಬೆ ಸಿನಿಮಾದ ರಾಜಕುಮಾರ ಅಹ್ಮದನನ್ನು ಅವರು ಕತ್ತರಿಯಲ್ಲಿ ಕತ್ತರಿಸಿ, ಕೀಲು ಕೂಡಿಸಿ, ಫ್ರೇಮಿಗೊಮ್ಮೆ ಕೈಯಿಂದಲೇ ಕದಲಿಸಿದ್ದರು.