ಚಪ್ಪರದ ಬಸಳೆ, ನೆಲದ ಒಂದೆಲಗ

ಕರಾವಳಿಯ ಹಿತ್ತಿಲುಗಳಲ್ಲಿ ಬಸಳೆಗೂ ಒಂದೆಲಗಕ್ಕೂ ಒಂದೇ ಜಾಗ ಕೊಡುವ ರೂಢಿ ಹಳೆಯದು. ಬಚ್ಚಲ ನೀರು ಹರಿದುಹೋಗುವ ಮಗ್ಗುಲಲ್ಲಿ ಗೂಟ ನೆಟ್ಟು, ಮೇಲೆ ಅಡಿಕೆ ದಬ್ಬೆ ಹಾಸಿ ಬಸಳೆಗೆ ಚಪ್ಪರ ಹಾಕುತ್ತಾರೆ. ತುಳುವಿನಲ್ಲಿ ಅದು ದೊಂಪ. ಅದರ ಅಂಚಿನ ನೆರಳಲ್ಲಿ, ತೇವ ಆರದ ನೆಲದಲ್ಲಿ, ಯಾರೂ ನೆಡದಿದ್ದರೂ ತಿಮರೆ, ಅಂದರೆ ಒಂದೆಲಗ, ಹಬ್ಬಿಕೊಳ್ಳುತ್ತದೆ. ಈಚೆಗೆ ತಾರಸಿ ತೋಟದವರಲ್ಲಿ ಕೆಲವರು ಇದನ್ನೇ ಜೊತೆಬೆಳೆಯ ಮಾದರಿಯೆಂದು ಎತ್ತಿ ಹೇಳುತ್ತಿದ್ದಾರೆ: ಮೇಲೇರುವ ಬಳ್ಳಿ ಒಂದು, ನೆಲ ಮುಚ್ಚುವ ಹಸಿರು ಒಂದು, ಎರಡಕ್ಕೂ ಸೇರಿ ಒಂದೇ ಕುಂಡ. ಈ ರೂಢಿಯಲ್ಲಿ ಜಾಣ್ಮೆ ಇರುವುದು ನಿಜ. ಆದರೆ ಅದು ಹೊಗಳುವವರು ತೋರಿಸುವ ಜಾಗದಲ್ಲಿಲ್ಲ, ಮತ್ತು ಅದರೊಳಗಿನ ಒಂದು ದೊಡ್ಡ ತೊಡಕನ್ನು ಅವರು ಗಮನಿಸಿಯೇ ಇಲ್ಲ.

ಬಸಳೆ ಹೊಟ್ಟೆಬಾಕ ಬಳ್ಳಿ. ಬಿಸಿಲು ಬೇಕು, ಸೆಕೆ ಬೇಕು, ಸಾರಜನಕ ಧಾರಾಳವಾಗಿ ಬೇಕು. ಕುಡಿ ಕೊಯ್ದಷ್ಟೂ ಕವಲೊಡೆಯುತ್ತದೆ. ಕೊಯ್ದಷ್ಟನ್ನೂ ಮಣ್ಣಿಗೆ ಮರಳಿ ಕೊಡದಿದ್ದರೆ ದಂಟು ಸಣಕಲಾಗಿ ಎಲೆ ಕಿರಿದಾಗುತ್ತದೆ. ಅದಕ್ಕೇ ಅನುಭವಸ್ಥ ಬೆಳೆಗಾರರು ಬುಡದ ಬೋಳು ಬಳ್ಳಿಯನ್ನು ಸುರುಳಿ ಸುತ್ತಿ ನೆಲಕ್ಕೆ ಇಳಿಸಿ, ಅದರ ಮೇಲೆ ಹಟ್ಟಿಗೊಬ್ಬರ, ಬೂದಿ, ಸುಡುಮಣ್ಣು ಹಾಕಿ ಮುಚ್ಚುತ್ತಾರೆ. ಹೂತ ಗೆಣ್ಣುಗಳಿಂದ ಹೊಸ ಬೇರು ಬಿಟ್ಟು ಹಳೇ ಬಳ್ಳಿ ಮತ್ತೆ ಚಿಗುರುತ್ತದೆ. ಕರಾವಳಿಯ ಹುಳಿ ಮುರಮಣ್ಣಿಗೆ ಬೂದಿ ಮಾಡುವ ಉಪಕಾರ ಸಣ್ಣದಲ್ಲ. ನೀರಿನ ವಿಷಯದಲ್ಲಿ ಮಾತ್ರ ಬಸಳೆಯನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ದಂಟಿನ ತುಂಬ ನೀರಿದೆಯೆಂದು ಅದು ನೀರಲ್ಲಿ ನಿಲ್ಲುವ ಗಿಡವಲ್ಲ. ಬೇರಿಗೆ ತೇವ ಸದಾ ಬೇಕು, ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ ಸೊರಗುವ, ಎಲೆ ಮೇಲೆ ಕೆಂಪಂಚಿನ ಚುಕ್ಕಿ ಹೊತ್ತು ನಿಲ್ಲುವ ಬಸಳೆಯನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಒಂದೆಲಗದ ಬಯಕೆಗಳು ಕಡಿಮೆ. ಗದ್ದೆಯ ಬದು, ತೋಡಿನ ದಂಡೆ, ಬಾವಿಕಟ್ಟೆಯ ಸುತ್ತ ಅದು ತಾನಾಗಿಯೇ ಇರುತ್ತದೆ. ಬಳ್ಳಿ ನೆಲಕ್ಕಂಟಿ ಹರಿದು ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಆ ಬೇರು ಆಳಕ್ಕೆ ಹೋಗುವುದು ಕಡಿಮೆ, ಗೇಣುದ್ದದ ಮಣ್ಣು ಅದಕ್ಕೆ ಸಾಕು. ನೀರು ನಿಂತರೂ ಸಹಿಸುತ್ತದೆ, ಒಣಗಿಸಿದರೆ ಮಾತ್ರ ಸಹಿಸದು. ಬಿಸಿಲಲ್ಲಿ ಎಲೆ ಚಿಕ್ಕದಾಗಿ ತೊಟ್ಟು ಗಿಡ್ಡವಾಗುತ್ತದೆ, ನೆರಳಲ್ಲಿ ತೊಟ್ಟು ನೀಳವಾಗಿ ಎಲೆ ಅಗಲವಾಗುತ್ತದೆ. ಬೆಳಕಿಗೆ ತಕ್ಕಂತೆ ಮೈ ಬದಲಿಸಿಕೊಂಡು, ತೇವವಿದ್ದರೆ ವರ್ಷವಿಡೀ ಹಸಿರಾಗಿರುವ ಗಿಡ ಇದು.

ಇವೆರಡನ್ನೂ ಎದುರುಬದುರು ಇಟ್ಟು ನೋಡಿದರೆ ಹೊಂದುವುದು ತೇವ ಒಂದೇ. ಬೆಳಕು, ಗೊಬ್ಬರ, ಬೇರಿನ ಆಳ, ಯಾವುದರಲ್ಲೂ ಹೊಂದಾಣಿಕೆ ಇಲ್ಲ. ಹಾಗಿದ್ದೂ ಹಿತ್ತಿಲಿನಲ್ಲಿ ಇವು ಜೊತೆಯಾಗಿ ಬಾಳಿಕೊಂಡು ಬಂದದ್ದಕ್ಕೆ ಕಾರಣ ಕರಾವಳಿಯ ಋತುಮಾನ ಎಂದು ನನಗನಿಸುತ್ತದೆ. ಮಳೆ ಹಿಂದೆಗೆದ ಮೇಲೆ ನೆಟ್ಟ ಬಸಳೆ ಬೇಸಗೆಯ ಹೊತ್ತಿಗೆ ಚಪ್ಪರ ತುಂಬುತ್ತದೆ. ಕೆಳಗಿನ ಒಂದೆಲಗಕ್ಕೆ ನೆರಳು ತೀರಾ ಅಗತ್ಯವಾಗುವುದೂ ಮಾರ್ಚ್, ಏಪ್ರಿಲ್‌ನ ಅದೇ ಸುಡುಬಿಸಿಲಿನಲ್ಲಿ. ಜೂನ್ ಬಂದು ಬಸಳೆ ಬಸವಳಿದಾಗ ಚಪ್ಪರ ತೆಳುವಾಗುತ್ತದೆ. ಮೋಡದ ಮಂದ ಬೆಳಕು ನೆಲಕ್ಕೆ ತಲುಪಿ ಒಂದೆಲಗ ಮಳೆಯಲ್ಲಿ ಹುಲುಸಾಗಿ ಹಬ್ಬುತ್ತದೆ. ಒಂದು ಏರುವಾಗ ಇನ್ನೊಂದು ತಗ್ಗಿ ಕಾಯುವ ಈ ಸರದಿಯೇ ಹಳೇ ರೂಢಿಯ ಸೊಗಸು. ಜೊತೆಬೆಳೆಯ ಪಾಠ ಹೇಳುವವರು ಜಾಗದ ಉಳಿತಾಯವನ್ನಷ್ಟೇ ಲೆಕ್ಕ ಹಾಕುತ್ತಾರೆ, ಕಾಲದ ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ನೆಲ ಉಳಿಯುತ್ತದೆಂದು ಚಪ್ಪರದ ನಟ್ಟನಡುವೆ, ಕೊಯ್ಯುವವರು ಓಡಾಡಿ ತುಳಿಯುವ ಕತ್ತಲ ಜಾಗದಲ್ಲಿ ಒಂದೆಲಗ ನೆಟ್ಟರೆ ಅದು ನೀಳ ತೊಟ್ಟಿನ ಬಡಕಲಾಗುತ್ತದೆ. ಅದು ತಾನಾಗಿ ಆರಿಸಿಕೊಳ್ಳುವುದು ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಅಂಚನ್ನು.

ಇನ್ನು ನೀರಿನ ಮಾತು. ರೂಢಿಯ ಬಗ್ಗೆ ನನಗಿರುವ ಗಟ್ಟಿ ಆಕ್ಷೇಪ ಇಲ್ಲೇ ಇದೆ. ಬಸಳೆಯನ್ನು ನಾವು ತಿನ್ನುವುದು ಬೇಯಿಸಿ. ಹುಳಿಯಾಗಲಿ, ಸಿಗಡಿಯ ಜೊತೆಗಿನ ಗಸಿಯಾಗಲಿ, ಅಕ್ಕಿಯ ಪುಂಡಿಯ ಜೊತೆಗಾಗಲಿ ಅದು ಕುದಿದೇ ಬಟ್ಟಲಿಗೆ ಬರುತ್ತದೆ. ಒಂದೆಲಗವನ್ನು ಹೆಚ್ಚಾಗಿ ಹಸಿಯಾಗಿಯೇ ಅರೆಯುತ್ತೇವೆ, ತಂಬುಳಿಗೆ, ಚಟ್ನಿಗೆ. ನೆಲಕ್ಕಂಟಿದ ಎಲೆ ಅದು. ಬಸಳೆ ಬುಡಕ್ಕೆ ಹೊಯ್ದ ಹಸಿ ಸಗಣಿನೀರು ಮೊದಲು ಸಿಡಿಯುವುದು ಅದರ ಮೇಲೆ, ಬಚ್ಚಲ ನೀರು ಹರಿಯುವುದು ಅದರ ನಡುವೆ. ಮನೆಯಲ್ಲಿ ಮಕ್ಕಳ ಬುದ್ಧಿಗೆ ಒಳ್ಳೆಯದೆಂದು ಅದನ್ನೇ ಕಿವುಚಿ ರಸ ಕೊಡುವುದೂ ಉಂಟು.

ಸೀಗೆ, ಅಂಟುವಾಳ, ಬೂದಿಯ ಕಾಲದಲ್ಲಿ ಬಚ್ಚಲ ನೀರು ಇಷ್ಟು ಕೆಟ್ಟಿರಲಿಲ್ಲ. ಈಗ ಅದರಲ್ಲಿ ಡಿಟರ್ಜೆಂಟ್, ಶಾಂಪೂ, ನೆಲ ತೊಳೆಯುವ ಫಿನಾಯಿಲ್, ಬ್ಲೀಚಿಂಗ್ ಪುಡಿ ಎಲ್ಲವೂ ಇವೆ. ಜಾಗ ಅದೇ, ಗಿಡ ಅದೇ, ನೀರು ಮಾತ್ರ ಬೇರೆ. ಒಂದೆಲಗ ಮಣ್ಣಿನ ಸೀಸ, ತಾಮ್ರ, ಸತುವಿನಂಥ ಲೋಹಗಳನ್ನು ಮೈಯೊಳಗೆ ಎಳೆದುಕೊಳ್ಳುತ್ತದೆ ಎಂದು ಮಲೇಷ್ಯಾದ ಅಧ್ಯಯನಗಳು ತೋರಿಸಿವೆ. ಅವು ಬೇರಲ್ಲಿ ಹೆಚ್ಚು, ಎಲೆಯಲ್ಲಿ ಕಡಿಮೆ. ಹಾಗಾಗಿ ರಸ್ತೆಬದಿಯ ಮೋರಿ, ಗ್ಯಾರೇಜಿನ ಹಿಂದಿನ ಚರಂಡಿಯಲ್ಲಿ ಸೊಂಪಾಗಿ ಬೆಳೆದದ್ದನ್ನು ಬೇರುಸಹಿತ ಕಿತ್ತು ತಂದು ಮಾರುವುದನ್ನು ಕಂಡಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ. ಎಲೆಯ ಹೊಳಪು ಅದು ಕುಡಿದ ನೀರಿನ ಗುಣವನ್ನು ಹೇಳುವುದಿಲ್ಲ. ಸೋಪಿನ ಉಪ್ಪನ್ನು ಕರಾವಳಿಯ ಮಳೆ ವರ್ಷಕ್ಕೊಮ್ಮೆ ತಕ್ಕಮಟ್ಟಿಗೆ ತೊಳೆದೊಯ್ಯುತ್ತದೆ. ಬಯಲುಸೀಮೆಯಲ್ಲಿ ಅಷ್ಟು ಮಳೆ ಎಲ್ಲಿ? ಅಲ್ಲಿ ಇದೇ ರೂಢಿಯನ್ನು ನಕಲು ಮಾಡಿದರೆ ಉಪ್ಪು ಮಣ್ಣಲ್ಲೇ ಕೂಡಿಕೊಳ್ಳುತ್ತಾ ಹೋಗುತ್ತದೆ.

ಒಂದೇ ಕುಂಡದ ಸಲಹೆಯನ್ನು ನಾನು ಒಪ್ಪದಿರುವುದಕ್ಕೆ ಬೇರೆ ಕಾರಣವೂ ಇದೆ. ಹಿತ್ತಿಲಿನಲ್ಲಿ ಒಂದೆಲಗಕ್ಕೆ ಬಸಳೆಯಿಂದ ದೂರ ಸರಿಯಲು ನೆಲವಿದೆ, ಕುಂಡದಲ್ಲಿ ಇಲ್ಲ. ಬುಡಕ್ಕೆ ಗೊಬ್ಬರ ಏರಿಸಿದಾಗಲೆಲ್ಲ ಒಂದೆಲಗ ಹೂತುಹೋಗುತ್ತದೆ; ಏರಿಸದೆ ಬಿಟ್ಟರೆ ಅದರ ಬೇರಿನ ಜಾಲ ಮೇಲ್ಮಣ್ಣಿನ ಸತ್ವವನ್ನು ಹೀರಿ ಬಸಳೆ ಬಡವಾಗುತ್ತದೆ. ಬೇರುಗಂಟು ಜಂತುಹುಳ ಬಸಳೆಗೆ ಸುಲಭವಾಗಿ ತಗಲುವುದರಿಂದ ಮಣ್ಣನ್ನು ಆಗಾಗ ಬದಲಿಸಬೇಕು. ವರ್ಷಗಟ್ಟಲೆ ಕದಲದೆ ಹಬ್ಬಬೇಕಾದ ಗಿಡ ಅಲ್ಲಿದ್ದರೆ ಅದಕ್ಕೂ ಅಡ್ಡಿ. ಕಾದ ಕಾಂಕ್ರೀಟಿನ ಮೇಲೆ ಮಧ್ಯಾಹ್ನಕ್ಕೆ ಮೊದಲು ಬಾಡುವುದು ಒಂದೆಲಗ. ಅದಕ್ಕೆಂದು ನೀರು ಸುರಿದರೆ ಕೊಳೆಯುವುದು ಬಸಳೆಯ ಬುಡ.

ತಾರಸಿಯಲ್ಲೇ ಆಗಲಿ, ಜೊತೆಯಲ್ಲಿಡಬೇಕೆಂದರೆ ಜಾಗ ಹತ್ತಿರವಿರಲಿ, ಮಣ್ಣು ಬೇರೆಯಿರಲಿ. ಬಸಳೆಗೆ ಒಂದಡಿಗೂ ಮಿಕ್ಕಿ ಆಳದ, ನೀರು ಬಸಿಯುವ ಕುಂಡ, ಪೂರ್ತಿ ಬಿಸಿಲು, ತಿಂಗಳು ತಪ್ಪದ ಗೊಬ್ಬರ. ಅದರ ಬಳ್ಳಿಯ ನೆರಳು ಮಧ್ಯಾಹ್ನದ ನಂತರ ಬೀಳುವ ಕಡೆ, ಅಂದರೆ ಪೂರ್ವದ ಮಗ್ಗುಲಲ್ಲಿ, ಒಂದೆಲಗಕ್ಕೆ ಆಳವಿಲ್ಲದ ಅಗಲ ತೊಟ್ಟಿ. ಅದಕ್ಕೆ ಚೆನ್ನಾಗಿ ಕಳಿತ ಎಲೆಗೊಬ್ಬರ ಸಾಕು, ಹಸಿ ಸಗಣಿ ಬೇಡ. ಹಿತ್ತಿಲಿದ್ದವರು ಬಚ್ಚಲ ನೀರನ್ನು ಬಸಳೆಗೂ ಬಾಳೆಗೂ ತಿರುಗಿಸಿ, ಒಂದೆಲಗವನ್ನು ಬಾವಿಕಟ್ಟೆಯ ಬಳಿಗೋ, ಅಕ್ಕಿ ತೊಳೆದ ನೀರು ಬೀಳುವ ಕಡೆಗೋ ಕಿತ್ತು ನೆಡಬಹುದು. ಗೆಣ್ಣಿನ ಬೇರಿದ್ದ ಒಂದು ತುಂಡು ಸಾಕು, ತೇವವಿದ್ದರೆ ಹಿಡಿದುಕೊಳ್ಳುತ್ತದೆ. ಹಳೇ ಜಾಗದಲ್ಲಿ ಮತ್ತೆ ಚಿಗುರಿದ್ದನ್ನು ಮಾತ್ರ ತಂಬುಳಿಗೆ ಕೊಯ್ಯುವುದು ಬೇಡ.